ಟರ್ಕಿ ಟವೆಲಿನ ಇಡ್ಲಿ

ನನ್ನ ಗಂಡನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಐರೋಲಿಯಲ್ಲಿ ಹೋಟೆಲು ಇಟ್ಟುಕೊಂಡಿದ್ದಾರೆ. ಎದುರಿಗೇ ಐಟಿ ಪಾರ್ಕಿನ ಗೇಟು. ಕುತ್ತಿಗೆಗೆ ಪಟ್ಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ಬಂದು ತಿಂದು ಹೋಗುವುದರಿಂದ ಭಾವನಿಗೆ ತಾನೊಬ್ಬ ಮಹಾ ಬುದ್ಧಿವಂತ ಎಂಬ ಭ್ರಮೆ ಬಂದುಬಿಟ್ಟಿದೆ. ಅಂಥ ಜಾಗದಲ್ಲಿ ಕಲ್ಲು ಬೇಯಿಸಿ ಕೊಟ್ಟರೂ ಖರ್ಚಾಗುತ್ತದೆ ಎಂದು ಅವರಿಗೆ ಹೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ನನಗೆ ಇತ್ತು, ಆದರೆ ನನ್ನನ್ನು ಯಾರೂ ಕೇಳುತ್ತಿರಲಿಲ್ಲ.

ಅವರ ಪಕ್ಕದ ಅಂಗಡಿಯಲ್ಲಿ ಒಂದು ಕಾಫಿ ಕೆಫೆ ತೆರೆದ ಮೇಲೆ ಭಾವನ ನಿದ್ದೆ ಕೆಟ್ಟಿತು. ಅಲ್ಲಿ ಕೂರಲು ಉಯ್ಯಾಲೆ, ಗೋಡೆಯ ಮೇಲೆ ಬಣ್ಣದ ದೀಪದ ಅಕ್ಷರ, ಕಾಫಿಯ ನೊರೆಯಲ್ಲಿ ಎಲೆಯ ಚಿತ್ರ. ಜನ ಕುಡಿಯುವುದಕ್ಕಿಂತ ಹೆಚ್ಚು ಹೊತ್ತು ಅದರ ಫೋಟೋ ತೆಗೆಯುತ್ತಿದ್ದರು. ಇದನ್ನು ನೋಡಿ ಹೊಟ್ಟೆ ಉರಿದುಕೊಂಡ ಭಾವ, ವಾಶಿಯ ಒಂದು ಮಾಲಿಗೆ ಹೋಗಿ ಅಲ್ಲಿ ಏನನ್ನೋ ನೋಡಿ, ಒಂದು ಭಾನುವಾರ ನೇರವಾಗಿ ಡೊಂಬಿವಲಿಯ ನಮ್ಮ ಮನೆಗೇ ಬಂದರು. ನಮ್ಮದು ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ ಒಂದು ಹಾಲು, ಒಂದು ಕೋಣೆಯ ಮನೆ. ಹಾಲಿನಲ್ಲಿ ನನ್ನ ಹೊಲಿಗೆ ಮಿಶಿನು. ಮನೆಯೊಳಗೆ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಮಾಲಿನಲ್ಲಿ ಒಂದು ಕರಡಿ ಉಂಟು ಮಾರಾಯ್ತಿ. ಒಳಗೆ ಮನುಷ್ಯ. ಕೈ ಆಡಿಸ್ತದೆ, ಅಷ್ಟೇ. ಜನ ಹೇಗೆ ಮುತ್ತಿಕೊಂಡಿದ್ದಾರೆ ಗೊತ್ತುಂಟಾ? ನಮಗೆ ನೀನೊಂದು ಇಡ್ಲಿ ಮಾಡಿಕೊಡು."

"ಇಡ್ಲಿ ನಿಮ್ಮಲ್ಲೇ ಉಂಟಲ್ಲ ಭಾವ."

"ತಿನ್ನುವ ಇಡ್ಲಿ ಅಲ್ಲ. ಮನುಷ್ಯ ಹೊಕ್ಕುವ ಇಡ್ಲಿ. ನಡೆದಾಡುವ ಇಡ್ಲಿ. ರವಿಕೆ ಹೊಲೀತಿ, ಇಡ್ಲಿ ಹೊಲೀಲಿಕ್ಕೆ ಎಂತ ಕಷ್ಟ?"

ನನ್ನ ಗಂಡ ಮೂಲೆಯ ಸ್ಟೂಲಿನ ಮೇಲೆ ಕುಳಿತು ಇದನ್ನು ಕೇಳುತ್ತಿದ್ದರು. ಇವರು ಕೆಲಸ ಮಾಡುತ್ತಿದ್ದ ಕೆಮಿಕಲ್ ಕಂಪನಿ ಗುಜರಾತಿಗೆ ಹೋಯಿತು, ಇವರು ಇಲ್ಲಿ ಉಳಿದರು. ಅಂದಿನಿಂದ ಭಾವನ ಹೋಟೆಲಿನಲ್ಲಿ "ಸ್ವಲ್ಪ ನೋಡಿಕೊಳ್ಳುವುದು" ಇವರ ಕೆಲಸ. ಏನನ್ನು ನೋಡಿಕೊಳ್ಳುವುದು ಎಂದು ಕೇಳಿದರೆ ಇಬ್ಬರಿಗೂ ಗೊತ್ತಿರಲಿಲ್ಲ. ತೆಂಗಿನಕಾಯಿ ಬಂದರೆ ಇಳಿಸಿಕೊಳ್ಳುವುದು, ಗ್ಯಾಸಿನವನಿಗೆ ಫೋನು ಮಾಡುವುದು, ಮಧ್ಯಾಹ್ನ ಊಟದ ಜೊತೆ ಭಾವನ ಉಪದೇಶ ಕೇಳುವುದು. ಇವರು ನಡೆಯುವುದನ್ನು ನೋಡಿದರೇ ನನಗೆ ಮೈ ಉರಿಯುತ್ತಿತ್ತು. ಪ್ರತಿ ಹೆಜ್ಜೆಗೂ ನೆಲದ ಅಪ್ಪಣೆ ಕೇಳಿದ ಹಾಗೆ ನಡೆಯುವ ಮನುಷ್ಯ.

ಮದುವೆಗೆ ಮೊದಲು ಇದೇ ಡೊಂಬಿವಲಿಯ ಹವ್ಯಾಸಿ ಯಕ್ಷಗಾನ ಮೇಳದಲ್ಲಿ ಇವರದ್ದು ಪುಂಡುವೇಷವಂತೆ, ಅಂದರೆ ಎಳೆಹರೆಯದ ವೀರನ ಪಾತ್ರ. ಧೀಂಗಿಣ ಹೊಡೆದರೆ, ಅಂದರೆ ಗಾಳಿಯಲ್ಲೇ ಮೈ ತಿರುಗಿಸಿ ಹಾರಿದರೆ, ಜನ ಎದ್ದು ನಿಲ್ಲುತ್ತಿದ್ದರಂತೆ. ಕಂಪನಿಯ ಪಾಳಿ ಕೆಲಸ ಶುರುವಾದ ಮೇಲೆ ಬಿಟ್ಟರು. ನಾನು ನೋಡಿದವಳಲ್ಲ, ನಂಬಿದವಳೂ ಅಲ್ಲ. ನಮ್ಮ ಕಡೆಯ ಗಂಡಸರೆಲ್ಲ ಹರೆಯದಲ್ಲಿ ಒಂದಲ್ಲ ಒಂದು ವೇಷ ಹಾಕಿದವರೇ, ಕೇಳಿದರೆ ಒಬ್ಬೊಬ್ಬರೂ ಕುಣಿದು ಹಲಗೆ ಮುರಿದವರೇ.

ಇಡ್ಲಿ ಹೊಲಿಯಲು ಒಪ್ಪಿಕೊಂಡದ್ದು ರವಿಕೆ ಹೊಲಿದು ಬೇಸರ ಬಂದಿತ್ತು ಎಂಬ ಕಾರಣಕ್ಕೆ. ನನ್ನ ಹತ್ತಿರ ಬರುವ ಹೆಂಗಸರು ಫೋನಿನಲ್ಲಿ ಒಂದು ಚಿತ್ರ ಹಿಡಿದುಕೊಂಡು ಬರುತ್ತಾರೆ, "ಸೇಮ್ ಟು ಸೇಮ್ ಐಸಾ ಹೋನಾ" ಎನ್ನುತ್ತಾರೆ, ಥೇಟ್ ಹೀಗೇ ಬೇಕಂತೆ. ಚಿತ್ರದಲ್ಲಿರುವ ರವಿಕೆ ನಾನು ಹೊಲಿದು ಕೊಟ್ಟೇನು, ಅದರಲ್ಲಿರುವ ಹುಡುಗಿಯ ಬೆನ್ನು ಎಲ್ಲಿಂದ ತರಲಿ? ಆದರೂ ಒಂದು ವಿಷಯ ಕಂಡಿದ್ದೇನೆ. ಹೊಸ ರವಿಕೆ ತೊಟ್ಟು ಕನ್ನಡಿಯ ಮುಂದೆ ತಿರುಗಿದ ಕೂಡಲೇ ಅವರ ಕುತ್ತಿಗೆ ಉದ್ದವಾಗುತ್ತದೆ, ದನಿ ಬದಲಾಗುತ್ತದೆ. ಬರುವಾಗ "ಭಾಭೀ" ಎಂದು ಗೋಗರೆದವಳೇ ಹೋಗುವಾಗ ನನ್ನನ್ನು ಕೆಲಸದವಳ ಹಾಗೆ ಮಾತಾಡಿಸುತ್ತಾಳೆ. ಗೇಣುದ್ದ ಬಟ್ಟೆ ಇಷ್ಟು ಮಾಡುವುದಾದರೆ ಆಳೆತ್ತರದ ಬಟ್ಟೆ ಏನು ಮಾಡೀತು ಎಂದು ನಾನು ಯೋಚಿಸಬೇಕಿತ್ತು.

ಇಡ್ಲಿ ಹೊಲಿಯುವುದು ಕಷ್ಟ. ಅದಕ್ಕೆ ಆಕಾರವಿಲ್ಲ, ಬಣ್ಣವಿಲ್ಲ, ಹಿಂದೆ ಮುಂದೆ ಇಲ್ಲ. ಕಲ್ಯಾಣಿನಲ್ಲಿ ಸೋಫಾ ರಿಪೇರಿ ಮಾಡುವವನ ಹತ್ತಿರ ಫೋಮು ತಂದೆ. ಪ್ಲಾಸ್ಟಿಕ್ ಪೈಪನ್ನು ಬಗ್ಗಿಸಿ ಬಳೆ ಮಾಡಿ ಒಳಗೆ ಕೂರಿಸಿದೆ. ಮೇಲೆ ಬಿಳಿ ಸಾಟಿನ್ ಹೊದಿಸಿದರೆ ಅದು ರಸಗುಲ್ಲವಾಯಿತು. ಸಾಟಿನ್ ಬಿಚ್ಚಿ ಮಲ್ಮಲ್ ಹೊದಿಸಿದರೆ ಹೆಣ ಕಟ್ಟಿದ ಹಾಗೆ ಕಂಡಿತು. ಕೈಚೆಲ್ಲಿ ಕುಳಿತಿದ್ದಾಗ ಬಾಲ್ಕನಿಯ ಹಗ್ಗದಲ್ಲಿ ಒಣಗುತ್ತಿದ್ದ ಸೊಲ್ಲಾಪುರದ ಟರ್ಕಿ ಟವೆಲು ಕಣ್ಣಿಗೆ ಬಿತ್ತು. ಆ ಬಟ್ಟೆಯ ಮೇಲಿನ ಸಣ್ಣ ಸಣ್ಣ ಕುಣಿಕೆಗಳು ಇವೆಯಲ್ಲ, ನಾಲ್ಕು ಮಾರು ದೂರದಿಂದ ನೋಡಿದರೆ ಥೇಟ್ ಇಡ್ಲಿಯ ಮೈ. ಅದೇ ಬಟ್ಟೆಯ ಥಾನು ತರಿಸಿ ಹೊದಿಸಿದೆ. ನಗುವ ಬಾಯಿಯ ಜಾಗದಲ್ಲಿ ಕಪ್ಪು ಜಾಳಿಗೆ ಹಚ್ಚಿದೆ, ಒಳಗಿರುವವನು ಅದರಿಂದಲೇ ನೋಡಬೇಕು, ಉಸಿರಾಡಬೇಕು. ಕಾಲಿಗೆ ಸಾಂಬಾರಿನ ಬಣ್ಣದ ಲೆಗ್ಗಿಂಗ್. ಮುಗಿಸಿ ಹಿಂದೆ ಸರಿದು ನೋಡಿದಾಗ, ಸುಳ್ಳೇಕೆ ಹೇಳಲಿ, ಹೆಮ್ಮೆಯಾಯಿತು. ಯಾವ ಮದುಮಗಳ ರವಿಕೆಗೂ ನನಗೆ ಹಾಗೆ ಆಗಿರಲಿಲ್ಲ.

ಹೆಮ್ಮೆ ಬಹಳ ಹೊತ್ತು ಉಳಿಯಲಿಲ್ಲ, ಯಾಕೆಂದರೆ ಇಡ್ಲಿ ಬಾಗಿಲಿನಲ್ಲಿ ಹಿಡಿಸಲಿಲ್ಲ. ಅಡ್ಡ ಹಿಡಿದರೂ ಇಲ್ಲ, ಉದ್ದ ಹಿಡಿದರೂ ಇಲ್ಲ. ಹೋಟೆಲಿನ ನಂಟರು ನಾವು, ಇಡ್ಲಿಯ ಅಂದ ಚಂದ ಎಲ್ಲ ನೋಡಿದೆವು, ಅದು ಮನೆಯಿಂದ ಹೊರಗೆ ಹೋಗುವುದು ಹೇಗೆಂದು ಒಬ್ಬರೂ ನೋಡಲಿಲ್ಲ. ಎದುರು ಮನೆಯ ವಿಜಯಪುರದ ಹೆಂಗಸು ಗದ್ದಲ ಕೇಳಿ ಬಂದಳು.

"ಏನ್ರೀ ಅಕ್ಕಾರ ಇದು? ಗಾದಿ ಹೊಲ್ಯಾಕ್ಹತ್ತೀರೇನು?"

"ಗಾದಿ ಅಲ್ಲ, ಇಡ್ಲಿ."

ಅವಳು ಇಡ್ಲಿಯನ್ನೂ ಬಾಗಿಲನ್ನೂ ಒಂದು ಸಲ ನೋಡಿದಳು. "ಮೊದಲ ಬಾಗಿಲಾ ನೋಡಿ ಹೊಲೀಬೇಕಿತ್ತಿಲ್ರೀ" ಎಂದು ಹೇಳಿ ಒಳಗೆ ಹೋದಳು. ಆಮೇಲೆ ಅವಳು ನಕ್ಕದ್ದು ನಮ್ಮ ಅಡಿಗೆಮನೆಯವರೆಗೂ ಕೇಳಿಸಿತು. ನಾನು ಕತ್ತರಿ ತೆಗೆದುಕೊಂಡು ಇಡ್ಲಿಯನ್ನು ಮುಂದಿನ ಅರ್ಧ, ಹಿಂದಿನ ಅರ್ಧ ಎಂದು ಸೀಳಿದೆ. ಅಂಚಿಗೆ ವೆಲ್ಕ್ರೋ ಪಟ್ಟಿ ಹಚ್ಚಿ, ಮೈಮೇಲೆ ಇಟ್ಟು ಒತ್ತಿದರೆ ಅಂಟುವ ಹಾಗೆ ಮಾಡಿದೆ.

ಸೀಳಿದ ಇಡ್ಲಿಯನ್ನು ನಾನೂ ಇವರೂ ಲೋಕಲ್ ಟ್ರೇನಿನ ಲಗೇಜ್ ಡಬ್ಬಿಯಲ್ಲಿ ಒಯ್ದೆವು. ಮೀನಿನ ಬುಟ್ಟಿ, ತರಕಾರಿ ಮೂಟೆ, ನಡುವೆ ನಾವು. ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗಿದಾಗ ಇದರ ಕತೆ ಮುಗಿಯಿತು ಎಂದುಕೊಂಡೆ. ಮೀನಿನವಳೊಬ್ಬಳು "ಗಣಪತಿ ಆಹೇ ಕಾ?" ಎಂದು ಕೇಳಿದಳು. "ನಾಹೀ, ಇಡ್ಲಿ ಆಹೇ" ಎಂದೆ, ಗಣಪತಿ ಅಲ್ಲ, ಇಡ್ಲಿ ಎಂದು. ಅವಳು ಬುಟ್ಟಿಯನ್ನು ಕಾಲಿನಿಂದ ಆಚೆ ತಳ್ಳಿ ಜಾಗ ಮಾಡಿದಳು, ಕೂತಿದ್ದ ಒಬ್ಬ ಗಂಡಸು ಎದ್ದು ನಿಂತು ಅದನ್ನು ಬೆಂಚಿನ ಮೇಲೆ ಇಡಿಸಿದ. ನನ್ನ ಗಂಡ ಈ ಲೈನಿನಲ್ಲಿ ಅರ್ಧ ಆಯುಷ್ಯ ಕಳೆದವರು, ಇವರಿಗೆ ಒಬ್ಬನೂ ಎದ್ದು ಜಾಗ ಕೊಟ್ಟದ್ದನ್ನು ನಾನು ಕಾಣೆ. ಠಾಣೆಯವರೆಗೆ ಇಡ್ಲಿ ಕುಳಿತು ಬಂತು, ಇವರು ನಿಂತು ಬಂದರು.

ಐರೋಲಿಯಲ್ಲಿ ಮೊದಲ ದಿನ ಇಡ್ಲಿಯೊಳಗೆ ಹೊಕ್ಕವನು ಹೋಟೆಲಿನ ಒಬ್ಬ ಸಪ್ಲೈಯರ್. ಫುಟ್‌ಪಾತಿನ ಮೇಲೆ ಹೋಗಿ ಸುಮ್ಮನೆ ನಿಂತ. ಕೈ ಆಡಿಸು ಎಂದರೆ ಬಸ್ಸು ನಿಲ್ಲಿಸುವವನ ಹಾಗೆ ಆಡಿಸಿದ. ಬಂದವರು ಯಾರೋ ಹಾಸಿಗೆ ಮರೆತು ಹೋಗಿದ್ದಾರೆ ಎಂಬಂತೆ ಸುತ್ತುಬಳಸಿ ಹೋದರು. ನನ್ನ ಇಡ್ಲಿ ಅಷ್ಟು ಜನರ ಮುಂದೆ ಬರೀ ಫೋಮಾಗಿ ನಿಂತದ್ದನ್ನು ನೋಡಿ ನನಗೆ ಅಳುವೇ ಬಂತು. ಭಾವ ಗಲ್ಲಾದ ಹಿಂದಿನಿಂದ ಅವನನ್ನೂ ನನ್ನನ್ನೂ ಬೈದರು. ಸೆಖೆ ತಾಳಲಾರದೆ ಸಪ್ಲೈಯರ್ ಅದನ್ನು ಕಳಚಿಟ್ಟು, ಬೇಕಾದರೆ ಕೆಲಸ ಬಿಡುತ್ತೇನೆ ಎಂದ.

ಆಗ ನನ್ನ ಗಂಡ, "ಭಾವ, ನಾನೊಮ್ಮೆ ನೋಡ್ಲಾ?" ಎಂದರು.

ಇವರು ತಾವಾಗಿ ಒಂದು ಕೆಲಸ ಕೇಳಿದ್ದನ್ನು ನಾನು ನೋಡಿದ್ದೇ ಅವತ್ತು. ನನಗೆ ಸಿಟ್ಟು ನೆತ್ತಿಗೇರಿತು. ಅಡಿಗೆ ಕೋಣೆಯ ಹಿಂದೆ ಕರೆದೊಯ್ದು ಕೇಳಿದೆ: "ಮಾನ ಮರ್ಯಾದೆ ಉಂಟಾ ನಿಮಗೆ? ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ. ಹುಡುಗಿಯ ಅಪ್ಪ ರಸ್ತೆಯಲ್ಲಿ ಇಡ್ಲಿ ಆಗಿ ನಿಂತಿದ್ದಾನೆ ಅಂತ ಗೊತ್ತಾದ್ರೆ ಯಾರು ಬರ್ತಾರೆ?"

"ಮುಖ ಕಾಣುದಿಲ್ಲ ಅಲ್ವಾ" ಎಂದರು ಇವರು.

ಸಂಬಂಧದ ಮಾತು ಸುಳ್ಳಲ್ಲ. ಠಾಣೆಯ ಒಂದು ಮನೆಯಿಂದ ಮಾತು ಬಂದಿತ್ತು, ಉಡುಪಿ ಕಡೆಯವರು, ಒಳ್ಳೆಯ ಹುಡುಗ, ಮಗಳಿಗೂ ಮನಸ್ಸಿತ್ತು. ಹುಡುಗಿಯ ತಂದೆ ಹೋಟೆಲಿನ ಮ್ಯಾನೇಜರ್ ಎಂದು ಭಾವ ಅವರಿಗೆ ಹೇಳಿಬಿಟ್ಟಿದ್ದರು. ಅದಕ್ಕೇ ಇವರು ಶರತ್ತು ಹಾಕಿದರು. ಒಳಗಿರುವುದು ತಾನೆಂದು ಹೊರಗಿನವರಿಗೆ, ಮಗಳಿಗೆ ಸಹ, ಗೊತ್ತಾಗಬಾರದು. ಭಾವ ಗಲ್ಲಾದ ಮೇಲಿನ ದೇವರ ಪಟದ ಮುಂದೆ ಕೈಮುಗಿದು ಆಣೆ ಹಾಕಿದರು. ಪುಕ್ಕಟೆಯಾಗಿ ಕುಣಿಯುವವ ಸಿಕ್ಕಿದರೆ ಅವರು ಯಾವ ದೇವರ ಮುಂದೆ ಬೇಕಾದರೂ ಆಣೆ ಹಾಕುವವರು.

ಮರುದಿನ ಹಿಂದಿನ ಕೋಣೆಯಲ್ಲಿ ನಾನೇ ಇವರ ಮೈಗೆ ಎರಡೂ ಅರ್ಧ ಒತ್ತಿ ಅಂಟಿಸಿದೆ. ಬಾಗಿಲು ದಾಟುವವರೆಗೆ ಅದೇ ಅಪ್ಪಣೆ ಕೇಳುವ ಹೆಜ್ಜೆ. ಫುಟ್‌ಪಾತಿಗೆ ಕಾಲಿಟ್ಟ ಮೇಲೆ ಎರಡೂ ಕಾಲು ಅಗಲಿಸಿ ನಿಂತರು. ಆಮೇಲೆ ಬಲಗಾಲಿನ ಹಿಮ್ಮಡಿ ನೆಲಕ್ಕೆ ಬಡಿದರು. ಮತ್ತೊಮ್ಮೆ ಬಡಿದರು. ಒಂದು ಸುತ್ತು ತಿರುಗಿ, ನಾನು ನೋಡನೋಡುತ್ತಿದ್ದಂತೆ ನೆಲ ಬಿಟ್ಟು ಹಾರಿದರು. ಹರೆಯದವರ ಎತ್ತರ ಇರಲಿಕ್ಕಿಲ್ಲ, ಆದರೆ ಆ ದುಂಡಗಿನ ಮೈ ಗಾಳಿಯಲ್ಲಿ ತಿರುಗಿ, ಸಾಂಬಾರು ಬಣ್ಣದ ಎರಡು ಕಾಲು ಸದ್ದಿಲ್ಲದೆ ಇಳಿದದ್ದನ್ನು ಕಂಡು ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಇಷ್ಟು ವರ್ಷ ನನ್ನ ಮನೆಯಲ್ಲಿ ಯಾರು ಇದ್ದರು ಎಂದು ನನಗೇ ತಿಳಿಯದಾಯಿತು.

ಆಮೇಲಿನದ್ದು ಕೇಳಬೇಡಿ. ಐಟಿ ಪಾರ್ಕಿನ ಪಂಡಿತರೆಲ್ಲ ಮಕ್ಕಳಾದರು. ಹೋಟೆಲಿನಲ್ಲಿ ನೀರು ತಂದಿಟ್ಟವನ ಮುಖವನ್ನು ಒಂದು ದಿನವೂ ನೋಡದವರು, ಇಡ್ಲಿಯನ್ನು ಅಪ್ಪಿಕೊಳ್ಳಲು ಸಾಲು ನಿಂತರು. ಕಂಪನಿಯ ದೊಡ್ಡ ಮನುಷ್ಯನಂತೆ ಕಾಣುವ ಒಬ್ಬ ಬೋಳುತಲೆಯವನು ಇಡ್ಲಿಯ ಭುಜಕ್ಕೆ ತಲೆ ಇಟ್ಟು ಫೋಟೋ ತೆಗೆಸಿಕೊಂಡ. ಹುಡುಗಿಯರು ಜೊತೆಗೆ ಹಿಮ್ಮಡಿ ಬಡಿದು ರೀಲ್ ಮಾಡಿದರು, ಎಲ್ಲರದ್ದೂ ತಾಳ ತಪ್ಪು. ಅದೇ ಜನ ಸಂಜೆ ಐರೋಲಿ ಸ್ಟೇಷನ್ನಿನಲ್ಲಿ ಇವರ ಕಾಲು ತುಳಿದು ಟ್ರೇನು ಹತ್ತುತ್ತಿದ್ದರು, ಸಾರಿ ಅನ್ನುವ ಅಭ್ಯಾಸ ಒಬ್ಬನಿಗೂ ಇಲ್ಲ.

ಭಾವನನ್ನೂ ಇಡ್ಲಿ ಬಿಡಲಿಲ್ಲ. ಒಂದು ದಿನ ಗಲ್ಲಾದ ಹಿಂದಿನಿಂದ ಅವರ ಕೈ ಹಿಡಿದು ಎಳೆದು ರಸ್ತೆಗೆ ತಂದು, ಅಷ್ಟು ಜನರ ಮುಂದೆ ಗಿರಗಿರನೆ ತಿರುಗಿಸಿತು. ಹೊಟ್ಟೆ ಹೊತ್ತುಕೊಂಡು ಭಾವ ಹಲ್ಲು ಕಿರಿದು ಕುಣಿಯಲೇಬೇಕಾಯಿತು, ಗಿರಾಕಿಗಳು ವಿಡಿಯೋ ಮಾಡುತ್ತಿದ್ದರಲ್ಲ. ಇಷ್ಟು ವರ್ಷ ಭಾವ ಕೂರು ಎಂದರೆ ಕೂತ, ಏಳು ಎಂದರೆ ಎದ್ದ ಮನುಷ್ಯ ಇವರು. ಕಳಚಿದ ಮೇಲೆ ಬೆವರಿನಲ್ಲಿ ನೆನೆದು ನಿಂತು, "ಭಾವ, ಒಂದು ಚಾ ಕುಡಿಯಲಾ?" ಎಂದು ಕೇಳಿದರು. ನನಗೆ ಆ ಚಾವನ್ನು ಚೆಲ್ಲಬೇಕು ಅನ್ನಿಸಿತು.

ಹುಡುಗಿ ನೋಡುವ ಶಾಸ್ತ್ರಕ್ಕೆ ಭಾವ ತಮ್ಮ ಹೋಟೆಲಿನ ಏಸಿ ಕೋಣೆಯನ್ನೇ ಕೊಟ್ಟರು. ನಮ್ಮವರಲ್ಲಿ ಇದೊಂದು ರೋಗ, ಹೋಟೆಲು ಇರುವ ನಂಟನಿದ್ದರೆ ಹುಡುಗಿಯನ್ನು ಮನೆಯಲ್ಲಿ ತೋರಿಸುವುದಿಲ್ಲ. ಹುಡುಗನ ತಂದೆ ಬ್ಯಾಂಕಿನಿಂದ ನಿವೃತ್ತರಾದವರು, ಠಾಣೆಯ ಒಂದು ಯಕ್ಷಗಾನ ಮಂಡಳಿಯ ಅಧ್ಯಕ್ಷರು. ಶಾಲು ಹೊದ್ದೇ ಹುಟ್ಟಿದವರ ಹಾಗೆ ಕೂತಿದ್ದರು. ಹುಡುಗ ಪಾಪ ಒಳ್ಳೆಯವನು, ಮಗಳ ಜೊತೆ ಹಿಂದಿಯಲ್ಲಿ ಏನೋ ಹೇಳಿ ನಗಿಸುತ್ತಿದ್ದ. ಇವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮ್ಯಾನೇಜರಾಗಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು.

ಅದೇ ಹೊತ್ತಿಗೆ ತಿಂಡಿಯ ವಿಡಿಯೋ ಮಾಡುವ ಒಬ್ಬ ಪ್ರಸಿದ್ಧ ಹುಡುಗ ಇಡ್ಲಿಯನ್ನು ಚಿತ್ರೀಕರಿಸಲು ಬಂದಿದ್ದ. ಭಾವ ಅವನಿಗೂ ಅದೇ ದಿನ ಕೊಟ್ಟಿದ್ದರು. ಎರಡು ದೋಸೆ ಒಂದೇ ಕಾವಲಿಯಲ್ಲಿ ಹುಯ್ದು ಅಭ್ಯಾಸ. ಹೊರಗೆ ಸಪ್ಲೈಯರ್ ಮತ್ತೆ ಇಡ್ಲಿಯೊಳಗೆ ನಿಂತು ಬಸ್ಸು ನಿಲ್ಲಿಸುತ್ತಿದ್ದ. ವಿಡಿಯೋದವನು ಮುಖ ಸಿಂಡರಿಸಿದ. ಭಾವ ಒಳಗೆ ಬಂದು ಇವರಿಗೆ ಕಣ್ಸನ್ನೆ ಮಾಡಿದರು. ಇವರು "ಒಂದು ಫೋನು ಬಂತು" ಎಂದು ಎದ್ದು ಹೋದರು. ಮಗಳು ಸುಮ್ಮನೆ ಇವರು ಹೋದ ದಾರಿ ನೋಡಿದಳು.

ಏಸಿ ಕೋಣೆಯ ಗಾಜಿನಿಂದ ಫುಟ್‌ಪಾತು ಕಾಣುತ್ತದೆ. ಹುಡುಗನ ತಂದೆ ಆಗ ಯಕ್ಷಗಾನದ ಅವನತಿಯ ಬಗ್ಗೆ ಭಾಷಣದಲ್ಲಿದ್ದರು.

"ಈಗ ಪುಂಡುವೇಷ ಎಲ್ಲಿ ಉಂಟು ಹೇಳಿ? ಕಾಲು ಎತ್ಲಿಕ್ಕೆ ಬರುದಿಲ್ಲ ಒಬ್ಬನಿಗೂ. ನಾನು ಮುಖ ನೋಡುವವನೇ ಅಲ್ಲ. ಹೆಜ್ಜೆ ನೋಡಿ ಯಾವ ಗುರುವಿನ ಶಿಷ್ಯ ಅಂತ ಹೇಳ್ತೇನೆ."

ಅವರ ಬೆನ್ನ ಹಿಂದೆ, ಗಾಜಿನ ಆಚೆ, ಇಡ್ಲಿ ಎರಡು ಧೀಂಗಿಣ ಹೊಡೆದು ಮೂರನೆಯದಕ್ಕೆ ಏಳುತ್ತಿತ್ತು. ಎಲ್ಲರೂ ಅತ್ತ ನೋಡಿದರು, ಅವರೂ ತಿರುಗಿದರು, ಕನ್ನಡಕ ಸರಿಮಾಡಿಕೊಂಡು ಕಾಲುಗಳನ್ನೇ ನೋಡಿದರು. ಮುಗಿಯಿತು, ಸಂಬಂಧ ಹೋಯಿತು ಎಂದು ನಾನು ಮನಸ್ಸಿನಲ್ಲೇ ದೇವರನ್ನೆಲ್ಲ ಕರೆದೆ.

"ಪರವಾಗಿಲ್ಲ, ಚೆಂದ ಕುಣೀತದೆ" ಎಂದರು ಮಂಡಳಿಯ ಅಧ್ಯಕ್ಷರು. "ಯಾವ ಏಜೆನ್ಸಿಯದ್ದು? ನಮ್ಮ ಮದುವೆ ಊಟದ ಹೊತ್ತಿಗೆ ಕಳಿಸಿ. ಮಕ್ಕಳಿಗೆ ಖುಷಿ ಆಗ್ತದೆ."

ನಮ್ಮ ಮದುವೆ ಎಂದದ್ದರಿಂದ ಸಂಬಂಧ ಕುದುರಿತು ಎಂದು ಗೊತ್ತಾಯಿತು. ಬದುಕಿದೆ ಎನ್ನಿಸಿತು, ಮರುಕ್ಷಣವೇ ಆ ಮನುಷ್ಯನ ಶಾಲನ್ನು ಎಳೆದು ಕೇಳಬೇಕು ಅನ್ನಿಸಿತು, ಇಷ್ಟು ವರ್ಷ ನೀವು ನೋಡಿದ್ದಾದರೂ ಏನು ಎಂದು. ಆ ಕಾಲಿಗೆ ಗೆಜ್ಜೆ ಕಟ್ಟಿ, ಮೇಲೆ ಒಂದು ಕಿರೀಟ ಇಟ್ಟಿದ್ದರೆ ಈ ಅಧ್ಯಕ್ಷರೇ ಎದ್ದು ನಿಂತು ಕಣ್ಣೀರು ಹಾಕುತ್ತಿದ್ದರು. ಟವೆಲು ಸುತ್ತಿದ್ದರಿಂದ ಏಜೆನ್ಸಿಯಾಯಿತು. ಭಾವ ಮಾತ್ರ ಎದೆಯುಬ್ಬಿಸಿ, "ಅದು ನನ್ನ ಕಡೆಯಿಂದ ಉಡುಗೊರೆ" ಎಂದರು, ಮದುವೆ ಮಂಟಪದಲ್ಲಿ ತಮ್ಮ ಹೋಟೆಲಿನ ಹೆಸರು ಕುಣಿಯುತ್ತದಲ್ಲ.

ಆ ರಾತ್ರಿ ಊಟದ ಹೊತ್ತಿಗೆ ನಾನು ಇವರನ್ನು ಹಿಡಿದುಕೊಂಡೆ. ಸ್ವಂತ ಮಗಳ ಮದುವೆಯಲ್ಲಿ ವೇಷ ಹಾಕುತ್ತೀರಾ, ಭಾವನಿಗೆ ಆಗುವುದಿಲ್ಲ ಎಂದು ಹೇಳಲು ಬಾಯಿ ಇಲ್ಲವಾ ಎಂದು ಕೇಳಿದೆ. ಇವರು ಅನ್ನ ಕಲಸುತ್ತಾ, "ಧಾರೆ ಆಗುವವರೆಗೆ ಅಪ್ಪ ಇರ್ತೇನೆ. ಆಮೇಲೆ ಊಟದ ಗಡಿಬಿಡಿ, ಯಾರು ನೋಡ್ತಾರೆ ನನ್ನನ್ನು?" ಎಂದರು. ದುಃಖದಿಂದ ಹೇಳಿದ್ದರೆ ನಾನು ಭಾವನ ಮನೆಗೆ ಹೋಗಿ ಜಗಳವಾಡುತ್ತಿದ್ದೆ. ಇವರು ಉತ್ಸಾಹದಿಂದಲೇ ಹೇಳಿದರು. ನನಗೆ ಅದಕ್ಕೇ ಹೆಚ್ಚು ಸಿಟ್ಟು ಬಂತು.

ಮದುವೆ ಕಲ್ಯಾಣಿನ ಒಂದು ಹಾಲಿನಲ್ಲಿ. ಧಾರೆ ಎರೆಯುವಾಗ ಇವರ ಕೈಯನ್ನು ಪುರೋಹಿತರು ಎರಡು ಸಲ ಹಿಡಿದು ಸರಿ ಮಾಡಿದರು. ನಂಟರು ಇವರನ್ನು ದಾಟಿ ಭಾವನ ಹತ್ತಿರ ಹೋಗಿ ವ್ಯವಸ್ಥೆ ಚೆನ್ನಾಗಿದೆ ಎಂದು ಹೊಗಳುತ್ತಿದ್ದರು. ಧಾರೆ ಮುಗಿದ ಮೇಲೆ ಇವರು ಮೆಲ್ಲಗೆ ಜಾರಿದರು. ಸ್ವಲ್ಪ ಹೊತ್ತಿಗೆ ಹಾಲಿನ ಹಿಂದಿನ ಬಾಗಿಲಿನಿಂದ ಇಡ್ಲಿ ಬಂತು, ಮಕ್ಕಳು ಕಿರುಚಿದರು, ದೊಡ್ಡವರು ಅದಕ್ಕಿಂತ ಹೆಚ್ಚು ಕಿರುಚಿದರು. ಬೀಗರ ಮಂಡಳಿಯ ಚೆಂಡೆಯವರು ಊಟಕ್ಕೆ ಕೂರುವ ಮೊದಲು ಎರಡು ಪೆಟ್ಟು ಹಾಕಿದರು. ಇಡ್ಲಿ ಸಾಲು ಸಾಲಿನ ನಡುವೆ ಹಾರಿ ತಿರುಗಿತು. ಯಾರು ನೋಡುತ್ತಾರೆ ಎಂದ ಮನುಷ್ಯನನ್ನು ಹಾಲಿಗೆ ಹಾಲೇ ನೋಡುತ್ತಿತ್ತು.

ವೇದಿಕೆಯ ಮೇಲೆ ಫೋಟೋದವನು ಎರಡು ಮನೆಯವರನ್ನು ಸಾಲಾಗಿ ನಿಲ್ಲಿಸುತ್ತಿದ್ದ. "ಮುಲೀಚೇ ವಡೀಲ್ ಕುಠೇ ಆಹೇತ್?" ಎಂದು ಕೇಳಿದ, ಹುಡುಗಿಯ ತಂದೆ ಎಲ್ಲಿ ಎಂದು. ಇದನ್ನು ಭಾವನೂ ಯೋಚಿಸಿರಲಿಲ್ಲ, ಇವರೂ ಯೋಚಿಸಿರಲಿಲ್ಲ. ಬೀಗರು ಸ್ವತಃ ಮೈಕು ಹಿಡಿದು, "ಹುಡುಗಿಯ ತಂದೆಯವರು ಎಲ್ಲಿದ್ದರೂ ಕೂಡಲೇ ವೇದಿಕೆಗೆ ಬರಬೇಕು" ಎಂದು ಕರೆದರು. ನಾನು ಮಗಳ ಪಕ್ಕ ನಿಂತು ನೆಲ ನೋಡಿದೆ. ಹೊಟ್ಟೆ ಕೆಟ್ಟಿದೆ ಎನ್ನಲೇ, ಸ್ಟೇಷನ್ನಿಗೆ ಹೋಗಿದ್ದಾರೆ ಎನ್ನಲೇ ಎಂದು ಲೆಕ್ಕ ಹಾಕುತ್ತಿದ್ದೆ.

ಇಡ್ಲಿ ಮಕ್ಕಳನ್ನು ಬಿಡಿಸಿಕೊಂಡು ಮೆಟ್ಟಿಲು ಹತ್ತಿ ಬಂತು. ಮಗಳ ಬಲಗಡೆ, ತಂದೆಯ ಜಾಗ ಖಾಲಿ ಬಿಟ್ಟಿದ್ದರಲ್ಲ, ಅಲ್ಲಿ ನಿಂತಿತು. ಹಾಲು ಗೊಳ್ಳೆಂದಿತು. ಕೆಳಗಿನಿಂದ ಭಾವ ಇಳಿ ಇಳಿ ಎಂದು ಕೈ ಬೀಸುತ್ತಿದ್ದರು.

ಬೀಗರಿಗೆ ಹಿಡಿಸಲಿಲ್ಲ. "ಬೇಡ ಬೇಡ, ಇದನ್ನು ಇಳಿಸಿ. ಇದು ಫ್ಯಾಮಿಲಿ ಫೋಟೋ" ಎಂದರು, ಮೈಕು ಇನ್ನೂ ಕೈಯಲ್ಲೇ ಇತ್ತು. ಫೋಟೋದವನು ಇಡ್ಲಿಯ ತೋಳಿಗೆ ಕೈ ಹಾಕಿದ.

ಮಗಳು ಅವನ ಕೈಯನ್ನು ಸರಿಸಿದಳು. "ಹೇ ಮಾಝೇ ಪಪ್ಪಾ ಆಹೇತ್" ಎಂದಳು. ಇವರು ನನ್ನ ಪಪ್ಪಾ. ಮೈಕು ಹತ್ತಿರವೇ ಇದ್ದುದರಿಂದ ಹಾಲಿನ ಕೊನೆಯ ಪಂಕ್ತಿಗೂ ಕೇಳಿಸಿತು. ಅವಳಿಗೆ ಅವತ್ತು ಏಸಿ ಕೋಣೆಯಲ್ಲೇ ತಿಳಿದಿತ್ತು. ಅಪ್ಪ ಎದ್ದು ಹೋದದ್ದು, ಸತ್ತಂತಿದ್ದ ಇಡ್ಲಿಗೆ ಜೀವ ಬಂದದ್ದು, ಎರಡೂ ನೋಡಿದ್ದಳು. ಇಷ್ಟು ದಿನ ನನ್ನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ನಗು ನಿಂತಿತು. ಇನ್ನು ಮುಚ್ಚಿಟ್ಟು ಏನು ಸಾರ್ಥಕ? ನಾನೇ ಹೋಗಿ ಎರಡೂ ಅರ್ಧ ಹಿಡಿದು ಎಳೆದೆ. ಒದ್ದೆ ಬನಿಯನ್ನಿನಲ್ಲಿ, ಹಣೆಗೆ ಅಂಟಿದ ಕೂದಲಿನಲ್ಲಿ, ಸಾಂಬಾರು ಬಣ್ಣದ ಕಾಲುಗಳ ಮೇಲೆ ನನ್ನ ಗಂಡ ಅಷ್ಟೂ ಜನರ ಮುಂದೆ ನಿಂತಿದ್ದರು. ಬೀಗರ ಮುಖ ನೋಡಿದೆ. ಸೊಸೆಯನ್ನು ಧಾರೆ ಎರೆದು ಆಗಿದೆ, ಹಿಂದಿರುಗಿಸುವ ಹಾಗಿಲ್ಲ, ಏನಾದರೂ ಹೇಳಲೇಬೇಕು ಎಂದು ಅವರು ಯೋಚಿಸುವುದು ಕಾಣುತ್ತಿತ್ತು. ಬುದ್ಧಿವಂತರು, ಬಹಳ ಹೊತ್ತು ಬೇಕಾಗಲಿಲ್ಲ.

"ನನಗೆ ಅವತ್ತೇ ಗೊತ್ತಿತ್ತು!" ಎಂದು ಮೈಕಿನಲ್ಲಿ ಕೂಗಿದರು. "ಹೆಜ್ಜೆ ನೋ‍ಡಿದಾಗಲೇ ಹೇಳಿದ್ದೆ ನಾನು, ಇದು ಸಾಮಾನ್ಯ ಕಾಲಲ್ಲ! ಅದಕ್ಕೇ ತಾನೇ ಇಲ್ಲಿಗೆ ಕರೆಸಿದ್ದು!"

ಜನ ಚಪ್ಪಾಳೆ ತಟ್ಟಿದರು, ಬೀಗರಿಗೆ. ಭಾವ ಓಡಿಬಂದು, ಕಲಾವಿದರನ್ನು ಪೋಷಿಸುವುದು ನಮ್ಮ ಹೋಟೆಲಿನ ಪರಂಪರೆ ಎಂದು ಮೈಕಿಗೆ ಬಾಯಿ ಹಾಕಿದರು. ಬೀಗರು ತಮ್ಮ ಶಾಲನ್ನೇ ತೆಗೆದು ಇವರ ಒದ್ದೆ ಹೆಗಲಿಗೆ ಹಾಕಿದರು. ಇವರು ತಕ್ಷಣ ಸೊಂಟ ಬಗ್ಗಿಸಿ ಅವರಿಗೆ ಕೈಮುಗಿದರು, ಭಾವನಿಗೂ ಮುಗಿದರು, ಅಭ್ಯಾಸಬಲದಿಂದ ಫೋಟೋದವನಿಗೂ ಮುಗಿದರು.

"ಈಗ ಇಲ್ಲೇ ಒಂದು ಧೀಂಗಿಣ ಆಗಬೇಕು ಬೀಗರೇ!" ಎಂದರು ಅಧ್ಯಕ್ಷರು. ಚೆಂಡೆಯವರು ಕೋಲು ಎತ್ತಿಕೊಂಡರು.

ಚೆಂಡೆ ಶುರುವಾಯಿತು. ಇವರು ಬಲಗಾಲು ಎತ್ತಿದರು. ಅದು ಹಿಮ್ಮಡಿ ಬಡಿಯಲಿಲ್ಲ, ಅಪ್ಪಣೆ ಕೇಳಿ ಮೆಲ್ಲಗೆ ಕೆಳಗೆ ಬಂತು. ಮತ್ತೊಮ್ಮೆ ಎತ್ತಿದರು, ಮತ್ತೆ ಹಾಗೆಯೇ. ಚೆಂಡೆ ಮುಂದೆ ಹೋಯಿತು, ಇವರು ಶಾಲು ಹಿಡಿದುಕೊಂಡು ಹಿಂದೆ ಉಳಿದರು. ಯಾರೋ "ನಾಚಿಕೆ ಎಂತಕ್ಕೆ ಮಾರಾಯ್ರೆ" ಎಂದರು. ಚೆಂಡೆ ನಿಂತಿತು.

ಇವರು ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಅದನ್ನು ಹಾಕು" ಎಂದರು.

"ಬೇಡ. ಹೀಗೇ ಕುಣೀರಿ. ಎಲ್ಲರಿಗೂ ಗೊತ್ತಾಯ್ತಲ್ಲ ಈಗ."

"ಗೊತ್ತಾಯ್ತಲ್ಲ, ಅದಕ್ಕೇ" ಎಂದರು. "ಹಾಕು ಮಾರಾಯ್ತಿ."

ನಾನು ಅಳುತ್ತಲೇ ಬೈದೆ, ಆ ಶಾಲನ್ನು ಎಳೆದು ಬೀಗರ ಕೈಗೆ ಕೊಟ್ಟೆ. ಮಗಳು ರೇಷ್ಮೆ ಸೀರೆಯಲ್ಲೇ ಮುಂದಿನ ಅರ್ಧ ಎತ್ತಿ ಹಿಡಿದಳು, ನಾನು ಹಿಂದಿನದ್ದನ್ನು ಒತ್ತಿದೆ. ಚೆಂಡೆಗೆ ಪೆಟ್ಟು ಬಿತ್ತು, ಇವರು ಹಾರಿದರು. ಹಾಲಿನ ತುಂಬ ಫೋನುಗಳು ಮೇಲೆದ್ದವು. ಮುಖ ಕಾಣುತ್ತಿದ್ದಾಗ ಒಬ್ಬನೂ ಎತ್ತಿರಲಿಲ್ಲ.